ಹಳೇ ಬ್ಯಾಟರಿ ಯಾವ ಕುಲುಮೆಗೆ?

ಯುಪಿಎಸ್ ಬ್ಯಾಟರಿ ಕೆಟ್ಟರೆ ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಅಂಗಡಿಯವನು ಹಳೆಯದನ್ನು ಇಟ್ಟುಕೊಂಡು ಹೊಸದರ ಬೆಲೆಯಲ್ಲಿ ಒಂದಿಷ್ಟು ಇಳಿಸುತ್ತಾನೆ. ಗುಜರಿಯವನು ನೂರಿನ್ನೂರು ಜಾಸ್ತಿ ಕೊಡುತ್ತೇನೆಂದರೆ ಅದು ಅವನ ಗಾಡಿ ಏರುತ್ತದೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸ, ಸೀಸಕ್ಕೆ ಸದಾ ಗಿರಾಕಿ. ಬಳಸಿದ ವಸ್ತು ತಯಾರಕನ ಕಡೆಗೆ ಮರಳುವ ಈ ರಿವರ್ಸ್ ಲಾಜಿಸ್ಟಿಕ್ಸ್‌ನಲ್ಲಿ ಸಂಶೋಧಕರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು, ಸಂಗ್ರಹ ಯಾರ ಕೆಲಸ ಎಂಬುದು. ಸವಾಸ್ಕನ್, ಭಟ್ಟಾಚಾರ್ಯ ಮತ್ತು ವಾನ್ ವಾಸೆನ್‌ಹೋವ್ 2004ರಲ್ಲಿ ಪ್ರಕಟಿಸಿದ ಗಣಿತ ಮಾದರಿಯ ಉತ್ತರ: ಗಿರಾಕಿಗೆ ಎಲ್ಲರಿಗಿಂತ ಹತ್ತಿರವಿರುವ ಚಿಲ್ಲರೆ ವ್ಯಾಪಾರಿ. ನಮ್ಮ 2001ರ ಬ್ಯಾಟರಿ ನಿಯಮಗಳೂ ಮಾರಾಟಗಾರರ ಮೂಲಕ ಹಳೆಯವನ್ನು ವಾಪಸ್ ಪಡೆದು, ಹಂತಹಂತವಾಗಿ ಶೇ 90ರಷ್ಟು ಸಂಗ್ರಹ ಮುಟ್ಟಬೇಕೆಂದಿದ್ದವು. ಆದರೆ ನಮ್ಮಲ್ಲಿ ಕೈಗೆ ಸಿಗದ ಬ್ಯಾಟರಿ ಕಡಿಮೆ. ಕಗ್ಗಂಟು ಇರುವುದು ಸಿಕ್ಕ ಮೇಲೆ ಅದು ಹಿಡಿಯುವ ದಾರಿಯಲ್ಲಿ.

ಪರವಾನಗಿಯಿಲ್ಲದ ಶೆಡ್ಡಿನಲ್ಲಿ ಕೊಡಲಿಯ ಏಟಿಗೆ ಪೆಟ್ಟಿಗೆ ಒಡೆಯುತ್ತದೆ. ಆಸಿಡ್ ಚರಂಡಿಗೆ, ಪ್ಲೇಟುಗಳು ತೆರೆದ ಕುಲುಮೆಗೆ. ಹೊಗೆಯೊಡನೆ ಹಾರಿದ ಸೀಸದ ಪುಡಿ ಸುತ್ತಲ ಅಂಗಳಗಳ ಮಣ್ಣಿನ ಮೇಲೆ ಕೂರುತ್ತದೆ. ಆ ಮಣ್ಣಿನಲ್ಲಿ ಆಡಿದ ಮಗು ಅದೇ ಬೆರಳನ್ನು ಬಾಯಿಗಿಡುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ. ಮುಖ್ಯ ಕಾರಣಗಳಲ್ಲಿ ಇಂಥ ಶೆಡ್ಡುಗಳೂ ಸೇರಿವೆ. ಮರುಬಳಕೆಯ ಲೆಕ್ಕಕ್ಕೆ ಮಾತ್ರ ಶೆಡ್ಡಿನ ಸೀಸವೂ ಪರವಾನಗಿಯಿರುವ ಘಟಕದ ಸೀಸವೂ ಒಂದೇ. ಹೊಗೆ ಸೋಸುವ, ಆಸಿಡ್ ಶುದ್ಧಗೊಳಿಸುವ ಖರ್ಚಾಗಲಿ ತೆರಿಗೆಯಾಗಲಿ ಶೆಡ್ಡಿನವನಿಗಿಲ್ಲ. ಅವನು ಗುಜರಿಗೆ ಹೆಚ್ಚು ದರ ಕೊಡಬಲ್ಲದ್ದು ಅದಕ್ಕೇ. ಆ ಹೆಚ್ಚುವರಿಯನ್ನು ತೆರುತ್ತಿರುವುದು ಮಕ್ಕಳ ಮಿದುಳು.

ಹಾಗೆಂದು ಗುಜರಿಯವರ ಹೊಟ್ಟೆಯ ಮೇಲೆ ಹೊಡೆಯಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದು. ಬೇಡ. ಕೊಳ್ಳುವುದು ಬೇರೆ, ಕರಗಿಸುವುದು ಬೇರೆ. ಮನೆಮನೆ ತಿರುಗುವ ಅವರ ಜಾಲವನ್ನು ಯಾವ ಕಂಪನಿಯೂ ಸುಲಭವಾಗಿ ಕಟ್ಟಲಾರದು. 2022ರ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿ, ನೋಂದಾಯಿತ ಮರುಬಳಕೆ ಘಟಕಗಳ ಪ್ರಮಾಣಪತ್ರಗಳಿಂದ ಅದನ್ನು ಅಳೆಯುತ್ತವೆ. ಅದು ಒಳ್ಳೆಯ ಹೆಜ್ಜೆಯೇ, ಆದರೆ ಗುಜರಿ ಅಂಗಡಿಯ ಮುಂದಿನ ದರವನ್ನು ಪ್ರಮಾಣಪತ್ರ ನೇರವಾಗಿ ಮುಟ್ಟುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವಾಗಲೇ ಇಡಿಸಿಕೊಳ್ಳುವ ಠೇವಣಿ ಮುಟ್ಟುತ್ತದೆ. ಖಾಲಿ ಗ್ಯಾಸ್ ಸಿಲಿಂಡರು ತಪ್ಪದೆ ಮರಳುವುದು ಅದು ಕಂಪನಿಯ ಸ್ವತ್ತಾಗಿ, ನಮ್ಮ ಠೇವಣಿಗೆ ಗಂಟುಬಿದ್ದಿರುವುದರಿಂದ. ಬ್ಯಾಟರಿ ತುಟ್ಟಿಯಾಗುತ್ತದಲ್ಲ ಎನ್ನಬಹುದು. ಇ-ರಿಕ್ಷಾ ಓಡಿಸುವವನಿಗೆ ಮೊದಲ ಸಲ ಅದು ಭಾರವೇ, ಅವನಿಗೆ ಕಂತು ಬೇಕು. ಆಮೇಲೆ ಹಣ ವಾಪಸ್ ಬರುತ್ತದೆ. ನೋಂದಾಯಿತ ಘಟಕದ ಬಾಗಿಲಿಗೆ ಹಳೇ ಬ್ಯಾಟರಿ ತಂದವರಿಗೆ, ಗುಜರಿಯವನಿಗೂ ಸಹ, ಆ ಠೇವಣಿ ಸಂದರೆ ಸಾಕು. ಕಿಲೋಗೆ ಒಂದೆರಡು ರೂಪಾಯಿ ಮೇಲಾದರೂ ಅವನ ಲಾರಿ ಶೆಡ್ಡನ್ನು ಬಿಟ್ಟು ಆ ಕಡೆ ತಿರುಗುತ್ತದೆ.