ಮ್ಯಾರಥಾನ್ ಓಟವೂ ಮಹಡಿಮನೆಯ ಬಾಳುವೆಯೂ

ದೂರದ ಓಟಕ್ಕೂ ಮಹಡಿಮನೆಯ ಬಾಳುವೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ೨೦೨೪ರ ಮಳೆಗಾಲದವರೆಗೆ ಯಾರಾದರೂ ನನ್ನನ್ನು ಹೀಗೆ ಕೇಳಿದ್ದರೆ, ಏನೂ ಇಲ್ಲವೆಂದೇ ಉತ್ತರ ಕೊಡುತ್ತಿದ್ದೆ. ಓಟವು ಬಯಲಿನ ವ್ಯವಹಾರ. ಮನೆಯು ಗೋಡೆಗಳ ವ್ಯವಹಾರ. ಬೀದಿಗೆ ಇಳಿದ ಮೇಲೆ ಓಡುವವನು ಒಬ್ಬನೇ; ಅವನಿಗೆ ನೆರೆಯವರಿಲ್ಲ, ಸಂಘವಿಲ್ಲ, ಲಿಫ್ಟು ಇಲ್ಲ. ಹೀಗೆಂದು ನಂಬಿಯೇ ನಾನು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಐವತ್ತೊಂದರ ಗೃಹಸ್ಥ, ಮುಂಬಯಿಯಲ್ಲಿ ಪ್ರತಿ ಜನವರಿಯಲ್ಲೂ ನಡೆಯುವ ಮ್ಯಾರಥಾನ್ ಓಟಕ್ಕೆ ಹೆಸರು ಕೊಟ್ಟೆ.

ನಮ್ಮ ಮನೆ ಬೆಂಗಳೂರಿನ ಜಯನಗರದಲ್ಲಿ, ಐದು ಅಂತಸ್ತಿನ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿದೆ. ಹಳೆಯ ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಅಂಗಾತ ಮಲಗಿದ್ದ ವಠಾರವನ್ನೇ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅಪಾರ್ಟ್‌ಮೆಂಟು ಆಗುತ್ತದೆ. ಒಂದೇ ವ್ಯತ್ಯಾಸ. ವಠಾರದಲ್ಲಿ ಸದ್ದು ಮಾಡಿದವರ ಮುಖ ಕಾಣುತ್ತಿತ್ತು. ನಲ್ಲಿಯ ಬಳಿ ಜಗಳವಾಡಿ, ಸಂಜೆಗೆ ಸೊಪ್ಪಿನ ಸಾರನ್ನು ಹಂಚಿಕೊಳ್ಳಬಹುದಾಗಿತ್ತು. ಇಲ್ಲಿ ಸದ್ದು ಮಾತ್ರ ನಮ್ಮ ಪಾಲಿಗೆ ಬರುತ್ತದೆ, ಮುಖ ಬರುವುದಿಲ್ಲ.

ಮ್ಯಾರಥಾನ್ ಎಂಬುದು ೪೨ ಕಿಲೋಮೀಟರ್ ೧೯೫ ಮೀಟರಿನ ಓಟ. ಮೊದಲಿನಿಂದಲೂ ಅಳತೆ ಹೀಗಿರಲಿಲ್ಲ. ೧೮೯೬ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ಪುನರಾರಂಭವಾದಾಗ ಓಡಿದ್ದು ಸುಮಾರು ೪೦ ಕಿಲೋಮೀಟರ್. ಗೆದ್ದವನು ನೀರು ಸಾಗಿಸುವ ಕಾಯಕದ ಸ್ಪಿರಿಡಾನ್ ಲೂಯಿಸ್. ೧೯೦೮ರಲ್ಲಿ ವಿಂಡ್ಸರ್ ಅರಮನೆಯಿಂದ ಲಂಡನ್ನಿನ ಕ್ರೀಡಾಂಗಣದ ರಾಜಪೀಠದ ಎದುರಿನವರೆಗೆ ಓಡಿಸಿದರು. ಆ ದೂರವೇ ೧೯೨೧ರಲ್ಲಿ ಶಾಶ್ವತವಾಗಿ ನಿಂತಿತು. ೧೯೬೦ರಲ್ಲಿ ರೋಮಿನ ಕಲ್ಲುಹಾಸಿನ ಬೀದಿಗಳಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಓಡಿ ಗೆದ್ದನು. ನಮ್ಮವರೇ ಆದ ಬಿಹಾರದ ಸೈನಿಕ ಶಿವನಾಥ ಸಿಂಗ್ ೧೯೭೮ರಲ್ಲಿ ಜಲಂಧರದಲ್ಲಿ ೨ ಗಂಟೆ ೧೨ ನಿಮಿಷಗಳಲ್ಲಿ ಈ ದೂರವನ್ನು ಮುಗಿಸಿದರು; ನಾಲ್ಕು ದಶಕಗಳಿಗೂ ಮೀರಿ ಭಾರತೀಯರಾರೂ ಅದನ್ನು ಮುರಿಯಲಿಲ್ಲ. ನನ್ನ ಗುರಿ ಇವರ ಸಾಲಿಗೆ ಸೇರುವುದಲ್ಲ. ಐದೂವರೆ ಗಂಟೆಯೊಳಗೆ ಸ್ವಂತ ಕಾಲಿನ ಮೇಲೆ ಮುಗಿಸುವುದು.

ಅಷ್ಟಕ್ಕೂ ಹದಿನೆಂಟು ವಾರಗಳ ಅಭ್ಯಾಸ ಬೇಕು. ೨೦೨೪ರ ಸೆಪ್ಟೆಂಬರ್ ೧೫ರಿಂದ ೨೦೨೫ರ ಜನವರಿ ೧೯ರವರೆಗೆ ಒಂದು ಕೋಷ್ಟಕ ಬರೆದು, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ವಾರದಲ್ಲಿ ನಾಲ್ಕು ಓಟ. ಅವುಗಳಲ್ಲಿ ಭಾನುವಾರದ್ದು ದೀರ್ಘ: ಹನ್ನೆರಡು ಕಿಲೋಮೀಟರಿನಿಂದ ಆರಂಭವಾಗಿ, ಪಂದ್ಯಕ್ಕೆ ಮೂರು ವಾರ ಉಳಿದಿರುವಾಗ ಮೂವತ್ತೆರಡನ್ನು ಮುಟ್ಟಬೇಕು. ಆ ಮೂವತ್ತೆರಡಕ್ಕೆ ಒಂದು ಕಾರಣವಿದೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹವು ಕೂಡಿಟ್ಟ ಸಕ್ಕರೆಯ ಬಲ ಹೆಚ್ಚೆಂದರೆ ಸುಮಾರು ೨,೦೦೦ ಕ್ಯಾಲೊರಿ. ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸರಿಸುಮಾರು ಒಂದು ಕ್ಯಾಲೊರಿಯನ್ನು ಸುಡುತ್ತಾನೆ. ೬೮ ಕಿಲೋಗ್ರಾಮಿನ ನನ್ನಂಥವನ ಬೊಕ್ಕಸ ಮೂವತ್ತರ ಸುಮಾರಿಗೆ ಬರಿದಾಗುತ್ತದೆ. ಇದನ್ನು ಓಟಗಾರರು ‘ಗೋಡೆ’ ಎಂದು ಕರೆಯುತ್ತಾರೆ. ಗೋಡೆಯನ್ನು ಒಮ್ಮೆ ಮೊದಲೇ ಮುಟ್ಟಿ ಬಂದವನಿಗೆ ಪಂದ್ಯದ ದಿನ ಅದರ ಭಯ ಅಷ್ಟಿರುವುದಿಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ನಿದ್ದೆ ಬೇಕು. ನಾಲ್ಕು ಗಂಟೆಗೆ ಏಳುವವನು ರಾತ್ರಿ ಒಂಬತ್ತೂವರೆಗೆ ಮಲಗಬೇಕು. ಮಲಗುತ್ತಿದ್ದೆ. ಹನ್ನೊಂದಕ್ಕೆ ಸರಿಯಾಗಿ ಐದನೆಯ ಮಹಡಿಯಲ್ಲಿ ಕುರ್ಚಿ ಎಳೆಯುವ ಸದ್ದು. ಐದು ನಿಮಿಷ ಬಿಟ್ಟು ಮತ್ತೊಂದು ಕುರ್ಚಿ. ಅರ್ಧ ಗಂಟೆಯ ಮೇಲೆ ಎರಡೂ ಕುರ್ಚಿಗಳು ಸ್ವಸ್ಥಾನಕ್ಕೆ ಮರಳುವ ಸದ್ದು. ಎರಡು ಗಂಟೆಗೆ ನೀರಿನ ಮೋಟಾರು. ಮೂರಕ್ಕೆ ಯಾರೋ ಲಿಫ್ಟಿನ ಬಾಗಿಲು ತೆರೆದಿಟ್ಟುಹೋದ ಕಾರಣ, ‘ದಯವಿಟ್ಟು ಬಾಗಿಲು ಮುಚ್ಚಿರಿ’ ಎಂದು ಯಂತ್ರವು ಅವಿರತವಾಗಿ ಬೇಡಿಕೊಳ್ಳುವ ಧ್ವನಿ.

ಮೋಟಾರನ್ನು ಮಾತ್ರ ನಾನು ಬಹುಬೇಗ ಕ್ಷಮಿಸಿದೆ. ಭಾನುವಾರಗಳಲ್ಲಿ ನಾನು ಓಡುತ್ತಿದ್ದುದು ಕನಕಪುರ ರಸ್ತೆಯಲ್ಲಿ, ತಾತಗುಣಿಯ ದಿಕ್ಕಿಗೆ. ಬೆಂಗಳೂರಿಗೆ ಕಾವೇರಿಯ ನೀರು ಬರುವುದೂ ಆ ದಿಕ್ಕಿನಿಂದಲೇ: ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿಸಿಕೊಂಡು, ಸುಮಾರು ನೂರು ಕಿಲೋಮೀಟರ್ ದೂರವನ್ನೂ ಐನೂರು ಮೀಟರ್ ಎತ್ತರವನ್ನೂ ಕ್ರಮಿಸಿ ಅದು ನಗರಕ್ಕೆ ಬರುತ್ತದೆ. ೨೦೨೪ರ ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾದು ಕುಳಿತವರಲ್ಲಿ ನಾವೂ ಸೇರಿದ್ದೆವು. ಎರಡು ಮ್ಯಾರಥಾನ್‌ಗಿಂತ ಹೆಚ್ಚು ದೂರ ಬಂದ ನೀರು ನಮ್ಮ ಮನೆಯ ನಾಲ್ಕು ಮಹಡಿ ಹತ್ತುವಾಗ ಸ್ವಲ್ಪ ಏದುಸಿರು ಬಿಟ್ಟರೆ ನಾನು ಆಕ್ಷೇಪಿಸುವುದು ಹೇಗೆ?

ಕುರ್ಚಿಗಳನ್ನು ಕ್ಷಮಿಸಲು ಅಂಥ ಕಾರಣವೇನೂ ಕಾಣಲಿಲ್ಲ. ಅಕ್ಟೋಬರಿನ ಕೊನೆಯಲ್ಲಿ ನಮ್ಮ ಸಂಘಕ್ಕೆ ಒಂದು ದೂರುಪತ್ರ ಬರೆದೆ. ಭಾಷೆಯ ಅಧ್ಯಾಪಕನಾದ್ದರಿಂದ ಪತ್ರ ಚೆನ್ನಾಗಿಯೇ ಬಂದಿತ್ತು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ೪೫ ಡೆಸಿಬಲ್ ಮೀರಬಾರದೆಂಬುದನ್ನು ಸಹ ಉಲ್ಲೇಖಿಸಿದ್ದೆ.

ಭಾನುವಾರ ಸಂಜೆ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಭೆ ಸೇರಿದೆವು. ಕಾರ್ಯದರ್ಶಿಗಳು ನನ್ನ ಪತ್ರವನ್ನು ಓದಿದರು. ಬಳಿಕ ಕನ್ನಡಕವನ್ನು ಸರಿಪಡಿಸಿಕೊಂಡು, ‘ಸದ್ದಿನ ವಿಷಯವಾಗಿಯೇ ಇನ್ನೊಂದು ಪತ್ರವೂ ಬಂದಿದೆ’ ಎಂದರು. ಅದು ಮೂರನೆಯ ಮಹಡಿಯಿಂದ ಬಂದದ್ದು. ನನ್ನದರಂತೆ ಉದ್ದವಾಗಿರಲಿಲ್ಲ, ನಿಯಮಗಳ ಉಲ್ಲೇಖವೂ ಇರಲಿಲ್ಲ. ನಾಲ್ಕು ಗಂಟೆಗೆ ಮೇಲೆ ಗಡಿಯಾರ ಬಡಿಯುತ್ತದೆ. ಬೂಟುಗಾಲಿನ ನಡೆದಾಟ ಕೇಳುತ್ತದೆ. ಕೆಲವು ದಿನ ಅರ್ಧ ಗಂಟೆಯ ಕಾಲ ಒಂದೇ ಸಮನೆ ಕುಟ್ಟಿದ ಸದ್ದಾಗುತ್ತದೆ. ‘ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆದಂದಿನಿಂದ ನಿದ್ದೆ ಹತ್ತುವುದೇ ರಾತ್ರಿ ಮೂರರ ಮೇಲೆ. ಏನಾದರೂ ಮಾಡಲಾದೀತೆ?’ ಎಂದಿಷ್ಟೇ ಅದರಲ್ಲಿದ್ದ ಮಾತು.

ಕುಟ್ಟುವ ಸದ್ದು ನನ್ನದೇ. ಆ ಅಕ್ಟೋಬರಿನಲ್ಲಿ ಬೆಂಗಳೂರಿಗೆ ವಿಪರೀತ ಮಳೆ. ಬೀದಿಗೆ ಇಳಿಯಲಾರದ ದಿನಗಳಲ್ಲಿ ನಾನು ನಡುಮನೆಯಲ್ಲಿಯೇ ಹಗ್ಗದಾಟ ಆಡಿದ್ದೆ. ಒಂದೇ ಗೋಡೆ, ಒಂದೇ ಛಾವಣಿ. ನನ್ನ ನೆಲವು ಅವರ ಆಕಾಶವೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದೆ: ಮಾತು, ಹಾಡು ಮುಂತಾದ ಗಾಳಿಯ ಸದ್ದನ್ನು ಕಾಂಕ್ರೀಟಿನ ಹಲಗೆ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅದರ ಮೇಲೆಯೇ ಬಿದ್ದ ಪೆಟ್ಟನ್ನು ತಡೆಯುವುದಿಲ್ಲ. ತಾನೇ ನಡುಗಿ, ಕೆಳಗಿನ ಕೋಣೆಗೆ ತಲಪಿಸುತ್ತದೆ. ಓಡುವವನ ಪ್ರತಿ ಹೆಜ್ಜೆಯೂ ನೆಲಕ್ಕೆ ಕೊಡುವ ಪೆಟ್ಟು ಅವನ ತೂಕದ ಎರಡು ಮೂರು ಪಾಲು. ನಾನು ಮೇಲಿನವರ ಮೇಲೆ ಹೊರಿಸಿದ್ದ ನಿಯಮವು ಆರು ಗಂಟೆಯವರೆಗೆ ಜಾರಿಯಲ್ಲಿರುವುದೆಂದು ನಾನೇ ಬರೆದಿದ್ದೆನಷ್ಟೆ! ಸಭೆಯಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಾಗಿತ್ತು.

ಅಂದೇ ಮೂರನೆಯ ಮಹಡಿಗೆ ಹೋದೆ. ಆ ತಾಯಿ ನನ್ನನ್ನು ಬೈಯಲಿಲ್ಲ. ಕಾಫಿ ಕೊಟ್ಟರು. ಒಳಗೆ ಮಂಚದ ಮೇಲೆ ಒರಗಿ ಕುಳಿತಿದ್ದ ಅವರ ಯಜಮಾನರು, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ತೊದಲುತ್ತ, ‘ಎಷ್ಟು ಮೈಲಿ?’ ಎಂದು ಕೇಳಿದರು. ಎರಡು ವರ್ಷಗಳಿಂದ ಆ ಕಟ್ಟಡದಲ್ಲಿದ್ದೂ ನಾನು ಅವರ ಮುಖವನ್ನು ನೋಡಿದ್ದು ಅದೇ ಮೊದಲು.

ಮೇಲಿನ ಮನೆಗೂ ಹೋದೆ. ದೂರಿನ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿರುವುದಾಗಿ ಹೇಳುವುದಕ್ಕೆ. ಅಲ್ಲಿರುವುದು ತಾಯಿ, ಮಗಳು. ಮಗಳದು ಎರಡನೆಯ ಪಾಳಿಯ ಕೆಲಸ. ಮನೆ ಸೇರುವಾಗ ಹತ್ತೂಮುಕ್ಕಾಲು. ಊಟಕ್ಕೆ ಅವಳು ಒಂದು ಕುರ್ಚಿ ಎಳೆದುಕೊಳ್ಳುತ್ತಾಳೆ. ಅದುವರೆಗೆ ಉಣ್ಣದೆ ಕಾದಿದ್ದ ತಾಯಿ ಇನ್ನೊಂದನ್ನು. ನನ್ನ ನಿದ್ದೆ ಕೆಡಿಸುತ್ತಿದ್ದುದು ಇಷ್ಟೇ. ಮರುದಿನ ಅಂಗಡಿಯಿಂದ ರಬ್ಬರಿನ ಎಂಟು ಟೋಪಿಗಳನ್ನು ತಂದು, ಎರಡು ಕುರ್ಚಿಗಳ ಕಾಲಿಗೂ ನಾನೇ ತೊಡಿಸಿದೆ. ನನ್ನ ಮಟ್ಟಿಗೆ ಗಡಿಯಾರದ ಬದಲು ಮಣಿಕಟ್ಟಿನಲ್ಲಿ ಮೌನವಾಗಿ ನಡುಗುವ ಕೈಗಡಿಯಾರ ಬಂತು. ಹಗ್ಗ ಪೆಟ್ಟಿಗೆಗೆ ಸೇರಿತು. ಏರುದಾರಿಯ ಅಭ್ಯಾಸಕ್ಕೆ ಮೆಟ್ಟಿಲುಗಳ ಬದಲು ಲಾಲ್‌ಬಾಗಿನ ಬಂಡೆಯನ್ನು ಆಶ್ರಯಿಸಿದೆ; ಮುನ್ನೂರು ಕೋಟಿ ವರ್ಷದ ಆ ಶಿಲೆಗೆ ನನ್ನ ಹೆಜ್ಜೆಯಿಂದ ನಿದ್ರಾಭಂಗವಾಗಲಾರದು. ಲಿಫ್ಟು ಸದ್ದು ಮಾಡುವುದರಿಂದ ಅದನ್ನೂ ಬಿಟ್ಟು, ಬೂಟುಗಳನ್ನು ಕೈಯಲ್ಲಿ ಹಿಡಿದು, ಬಿಕಿಲನಂತೆ ಬರಿಗಾಲಿನಲ್ಲಿ ಮೆಟ್ಟಿಲಿಳಿದು, ಕೆಳಗಿನ ಗೇಟಿನ ಬಳಿ ತೊಟ್ಟುಕೊಳ್ಳತೊಡಗಿದೆ.

ಡಿಸೆಂಬರ್ ೧೫ರಂದು ಇಪ್ಪತ್ತೆಂಟು ಕಿಲೋಮೀಟರ್ ಆಯಿತು. ೨೯ರ ಭಾನುವಾರ ಆ ಮೂವತ್ತೆರಡು. ಹಿಂದಿನ ಇಡೀ ವಾರ ಊಟ, ನಿದ್ದೆ, ಎಲ್ಲವನ್ನೂ ಆ ಒಂದು ಬೆಳಗಿಗಾಗಿ ಅಣಿಮಾಡಿಕೊಂಡಿದ್ದೆ. ನಾಲ್ಕೂಕಾಲಕ್ಕೆ ಬೂಟು ಹಿಡಿದು ಇಳಿಯುತ್ತಿದ್ದಾಗ ಮೂರನೆಯ ಮಹಡಿಯ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಹೊಸ್ತಿಲಲ್ಲಿ ಆ ತಾಯಿ ನಿಂತಿದ್ದರು. ಯಜಮಾನರು ಬಚ್ಚಲಿಗೆ ಹೋಗುವಾಗ ಬಿದ್ದು, ಏಳಲಾರದೆ ಒದ್ದಾಡುತ್ತಿದ್ದರು. ‘ಇಷ್ಟು ಹೊತ್ತಿನಲ್ಲಿ ಯಾರನ್ನು ಎಬ್ಬಿಸುವುದೆಂದು ತಿಳಿಯಲಿಲ್ಲ’ ಎಂದರು. ಬಿದ್ದು ಅದಾಗಲೇ ಅರ್ಧ ಗಂಟೆಯಾಗಿತ್ತು.

ಬೂಟುಗಳನ್ನು ಅಲ್ಲಿಯೇ ಬಿಟ್ಟೆ. ಆಂಬ್ಯುಲೆನ್ಸ್ ಕರೆಸಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಕಾವಲುಗಾರನೂ ನಾನೂ ಲಿಫ್ಟಿನಲ್ಲಿ ಇಳಿಸಿದೆವು. ತೊಡೆಯ ಮೂಳೆ ಬಿರುಕು ಬಿಟ್ಟಿತ್ತು. ಮಗ ದೂರದ ಊರಿನಿಂದ ಬಂದು ತಲಪುವವರೆಗೆ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಓಟದ ಚಡ್ಡಿ, ಕಾಲಿಗೆ ಯಾರೋ ಕೊಟ್ಟ ಹವಾಯಿ ಚಪ್ಪಲಿ. ಮನಸ್ಸು ಪೂರ್ತಿ ನಿರ್ಮಲವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಹನ್ನೊಂದು ಗಂಟೆಯ ಹೊತ್ತಿಗೆ, ಇಷ್ಟರಲ್ಲಿ ಮೂವತ್ತೆರಡು ಮುಗಿದು ಸ್ನಾನವೂ ಆಗಿರುತ್ತಿತ್ತಲ್ಲ ಎಂದು ನಾನು ಲೆಕ್ಕ ಹಾಕಿದ್ದುಂಟು. ಹಾಗೆ ಲೆಕ್ಕ ಹಾಕಿದ್ದಕ್ಕೆ ನಾಚಿದ್ದೂ ಉಂಟು. ಬಿಟ್ಟ ಓಟವನ್ನು ಮುಂದಿನ ವಾರ ತುಂಬಿಕೊಳ್ಳುವಂತಿಲ್ಲ. ಕೊನೆಯ ಮೂರು ವಾರ ದೇಹಕ್ಕೆ ವಿಶ್ರಾಂತಿ ಕೊಡದಿದ್ದರೆ ಪಂದ್ಯದ ದಿನ ಕಾಲುಗಳು ಕೈಕೊಡುತ್ತವೆ. ಕೋಷ್ಟಕದಲ್ಲಿ ಆ ಒಂದು ಮನೆ ಖಾಲಿಯಾಗಿಯೇ ಉಳಿಯಿತು.

ಜನವರಿ ೧೯ರ ನಸುಕಿನಲ್ಲಿ ಛತ್ರಪತಿ ಶಿವಾಜಿ ನಿಲ್ದಾಣದ ಎದುರಿನಿಂದ ಓಡಿದೆ. ಮರೀನ್ ಡ್ರೈವಿನ ಸಾಲುದೀಪಗಳೂ ಬಾಂದ್ರಾ–ವರ್ಲಿ ಸೇತುವೆಯ ಕಡಲಗಾಳಿಯೂ ಸುಖವಾಗಿಯೇ ಕಳೆದುವು. ಮೂವತ್ತನ್ನು ದಾಟಿದೊಡನೆ ಗೋಡೆ ಬಂತು. ಅಪರಿಚಿತ ಗೋಡೆ, ಏಕೆಂದರೆ ನಾನು ಅದನ್ನು ಮೊದಲು ಮುಟ್ಟಿ ಬಂದಿರಲಿಲ್ಲ. ಹಿಂದಿರುಗುವ ದಾರಿಯ ಪೆಡ್ಡರ್ ರಸ್ತೆಯ ಏರನ್ನು ಓಡಲಾಗದೆ ನಡೆದೇ ಹತ್ತಿದೆ. ಮಹಡಿಮನೆಗಳ ಬಾಗಿಲಲ್ಲಿ ನಿಂತ ಮುಂಬಯಿಯ ಗೃಹಿಣಿಯರು ಕಿತ್ತಳೆಯ ತೊಳೆ, ಬಿಸ್ಕತ್ತು ಹಿಡಿದು ಕರೆಯುತ್ತಿದ್ದರು. ಭಾನುವಾರದ ಬೆಳಗಿನ ನಿದ್ದೆ ಕೆಟ್ಟಿದ್ದಕ್ಕೆ ಅವರು ಯಾವ ಸಂಘಕ್ಕೂ ಪತ್ರ ಬರೆದಂತೆ ತೋರಲಿಲ್ಲ. ಮುಗಿಸಿದಾಗ ಐದು ಗಂಟೆ ನಲವತ್ತೊಂದು ನಿಮಿಷ. ಗುರಿಗಿಂತ ಹನ್ನೊಂದು ನಿಮಿಷ ಹೆಚ್ಚು.

ಬೆಂಗಳೂರಿಗೆ ಮರಳಿದ ದಿನ ಲಿಫ್ಟು ದುರಸ್ತಿಯಲ್ಲಿತ್ತು. ದೂರ ಓಡಿ ಬಂದವನಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಮರುದಿನ ಕಾಲೇಜಿಗೆ ಹೊರಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಮೂರನೆಯ ಮಹಡಿಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಯಜಮಾನರು ನನ್ನ ಅವಸ್ಥೆಯನ್ನು ಬಹಳ ಹೊತ್ತು ನೋಡಿ, ‘ನಮ್ಮಿಬ್ಬರಲ್ಲಿ ನಾನೇ ವಾಸಿ’ ಎಂದು ನಕ್ಕರು. ಅವರ ಮಾತು ಮೊದಲಿಗಿಂತ ಸ್ಪಷ್ಟವಾಗಿತ್ತು.

ಅಂದಿನ ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಮೇಲೆ ಕುರ್ಚಿ ಎಳೆದ ಸದ್ದು ಕೇಳಿತು. ರಬ್ಬರು ಸವೆದಿರಬೇಕು. ಮಗಳು ಮನೆ ಸೇರಿದಳು ಎಂದುಕೊಂಡು ಮಗ್ಗುಲು ಬದಲಾಯಿಸಿದೆ. ಬೆಳಗ್ಗೆ ಎದ್ದವನೇ ಇನ್ನೂ ಎಂಟು ಟೋಪಿಗಳನ್ನು ತರಬೇಕೆಂದು ಕೋಷ್ಟಕದ ಆ ಖಾಲಿ ಮನೆಯಲ್ಲಿ ಬರೆದಿಟ್ಟೆ.