ನಾಲ್ಕರಲ್ಲಿ ಮಾತ್ರ ಬೀಸುವ ಬ್ಲೋವರ್

ಬ್ಲೋವರ್ ನಾಬನ್ನು ಒಂದಕ್ಕೆ ತಿರುಗಿಸಿದರೆ ಗಾಳಿಯಿಲ್ಲ. ಎರಡಕ್ಕೂ ಇಲ್ಲ, ಮೂರಕ್ಕೂ ಇಲ್ಲ. ನಾಲ್ಕಕ್ಕೆ ಇಟ್ಟ ಕೂಡಲೇ ಬುಸ್ಸೆಂದು ನುಗ್ಗುತ್ತದೆ. ಕಾರಿನ ಮಾಲೀಕರು ಇದೇನು ವಿಚಿತ್ರ ಎಂದುಕೊಂಡು, ತಿಂಗಳುಗಟ್ಟಲೆ ನಾಲ್ಕರಲ್ಲೇ ಕಾಲ ತಳ್ಳುತ್ತಾರೆ. ಅನುಭವಸ್ಥ ಆಟೋ ಎಲೆಕ್ಟ್ರಿಷಿಯನ್‌ಗೆ ಇಷ್ಟು ಹೇಳಿದರೆ ಸಾಕು, ಕಾರಿನ ಬಾಗಿಲು ತೆಗೆಯುವ ಮೊದಲೇ ‘ರೆಸಿಸ್ಟರ್ ಹೋಗಿದೆ’ ಎಂದುಬಿಡುತ್ತಾನೆ. ಹೆಚ್ಚಿನ ಸಲ ಅವನ ಮಾತೇ ನಿಜ.

ಬಿಸಿಗಾಳಿಗೂ ತಣ್ಣನೆ ಗಾಳಿಗೂ ಹೆಚ್ಚಿನ ಕಾರುಗಳಲ್ಲಿ ಇರುವುದು ಒಂದೇ ಫ್ಯಾನ್. ಚಾಲಕನ ಪಕ್ಕದಲ್ಲಿ ಕೂತವರ ಮೊಣಕಾಲಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ ಅದು ಅವಿತುಕೊಂಡಿರುತ್ತದೆ. ಗಾಳಿಯನ್ನು ಎಳೆದು, ಎಸಿಯ ಕೂಲಿಂಗ್ ಕಾಯಿಲ್‌ ಮೇಲೆ ಹಾಯಿಸಿ, ಬೇಕಾದಾಗ ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕಾಯಿಲ್‌ ಮೇಲೂ ಹಾಯಿಸಿ ಒಳಗೆ ತಳ್ಳುವುದು ಅದರ ಕೆಲಸ. ಫ್ಯಾನ್ ನಿಂತರೆ ಎಸಿ, ಹೀಟರ್ ಎರಡೂ ಇದ್ದೂ ಇಲ್ಲದಂತೆ. ಬೇಸಿಗೆಯಲ್ಲಾದರೆ ಕಿಟಕಿ ಇಳಿಸಿ ಬೆವರು ಒರೆಸಿಕೊಂಡು ಹೋಗಬಹುದು. ಜುಲೈ ಮಳೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಆ ಮಾತು ನಡೆಯದು. ಒದ್ದೆ ಬಟ್ಟೆಯ ನಾಲ್ಕು ಜನ ಉಸಿರಾಡುವ ಕಾರಿನ ತೇವವೆಲ್ಲ ತಣ್ಣಗಿನ ಮುಂಗಾಜಿಗೆ ತಾಗಿ ಮಬ್ಬುಗಟ್ಟುತ್ತದೆ. ಎದುರಿನ ಬಸ್ಸು ಬರೀ ಬೆಳಕಿನ ಕಲೆಯಾಗಿ ಕಾಣುತ್ತದೆ. ಅಮೆರಿಕದಲ್ಲಂತೂ ಮುಂಗಾಜಿನ ಹಿಮ, ಮಬ್ಬು ಬಿಡಿಸುವ ವ್ಯವಸ್ಥೆ ಕಾರಿನಲ್ಲಿ ಇರಲೇಬೇಕೆಂದು ಸುರಕ್ಷತಾ ನಿಯಮವೇ ಇದೆ.

ಇನ್ನು ಆ ರೆಸಿಸ್ಟರ್ ಸಂಗತಿ. ನಾಬ್ ಇರುವ ಸಾಮಾನ್ಯ ಕಾರುಗಳಲ್ಲಿ ಮೋಟಾರಿನ ವೇಗ ಇಳಿಸಲು ಒಂದೇ ಉಪಾಯ: ದಾರಿಯಲ್ಲಿ ತಡೆ ಒಡ್ಡುವುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪಟ್ಟಿಯ ಮೇಲೆ ಸಾಮಾನ್ಯವಾಗಿ ಮೂರು ತಂತಿ ಸುರುಳಿಗಳಿರುತ್ತವೆ. ಒಂದನೇ ವೇಗಕ್ಕೆ ವಿದ್ಯುತ್ ಎಲ್ಲ ಸುರುಳಿಗಳನ್ನೂ ದಾಟಿ ಬರಬೇಕು, ಎರಡಕ್ಕೆ ಕೆಲವನ್ನು, ಮೂರಕ್ಕೆ ಒಂದನ್ನು. ನಾಲ್ಕಕ್ಕೆ ಇಟ್ಟರೆ ಯಾವುದನ್ನೂ ದಾಟಬೇಕಿಲ್ಲ, ಬ್ಯಾಟರಿಯ 12 ವೋಲ್ಟ್ ಹೆಚ್ಚುಕಡಿಮೆ ನೇರವಾಗಿ ಮೋಟಾರಿಗೆ ಸೇರುತ್ತದೆ. ಸುರುಳಿಗಳು ಸುಟ್ಟರೂ ನಾಲ್ಕು ಮಾತ್ರ ಉಳಿಯುವುದು ಅದಕ್ಕೇ. ತಡೆದ ವಿದ್ಯುತ್ತೆಲ್ಲ ಬಿಸಿಯಾಗುವುದರಿಂದ ಈ ಪಟ್ಟಿಯನ್ನು ಫ್ಯಾನಿನ ಗಾಳಿ ಬಡಿಯುವ ಜಾಗದಲ್ಲೇ ಕೂರಿಸಿರುತ್ತಾರೆ. ಗಾಳಿ ಕಡಿಮೆಯಾದರೆ ತಣಿಯುವ ದಾರಿಯಿಲ್ಲ. ಆಗ ಕಾಪಾಡಲೆಂದು ಅದರಲ್ಲೇ ಒಂದು ಥರ್ಮಲ್ ಫ್ಯೂಸ್ ಇರುತ್ತದೆ. ಮಿತಿ ಮೀರಿ ಕಾದರೆ ಕಡಿದುಕೊಳ್ಳುತ್ತದೆ.

ಅಂದರೆ ರೆಸಿಸ್ಟರ್ ತನ್ನಷ್ಟಕ್ಕೆ ಸುಡುವುದು ಕಡಿಮೆ. ಏನೋ ಅದನ್ನು ಸುಡಿಸಿರುತ್ತದೆ. ಹೊಸದನ್ನು ಹಾಕಿ ಮೂರು ತಿಂಗಳಿಗೆ ಮತ್ತೆ ಅದೇ ಕತೆ ಎನ್ನುವವರ ಕಾರಿನಲ್ಲಿ ನೋಡಬೇಕಾದ್ದು ಬುಷ್ ಸವೆದು ಬಿಗಿಯಾಗಿ ತಿರುಗುವ ಮೋಟಾರನ್ನು, ಇಲ್ಲವೇ ಧೂಳು ತುಂಬಿದ ಎಸಿ ಫಿಲ್ಟರನ್ನು.

ಯಾವ ವೇಗದಲ್ಲೂ ಫ್ಯಾನ್ ತಿರುಗದಿದ್ದರೆ ಹುಡುಕಾಟ ಫ್ಯೂಸಿನಿಂದ ಶುರುವಾಗುತ್ತದೆ. ಬ್ಲೋವರ್ ಫ್ಯೂಸ್ ಸಾಮಾನ್ಯವಾಗಿ 20ರಿಂದ 40 ಆಂಪಿಯರ್‌ನದು. ಯಾವ ಜಾಗದಲ್ಲಿದೆ ಎಂಬುದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗಡೆಯೋ ಕಾರಿನ ಕೈಪಿಡಿಯಲ್ಲೋ ಬರೆದಿರುತ್ತದೆ. ಕಡಿದಿದ್ದರೆ ಅಷ್ಟೇ ಆಂಪಿಯರ್‌ನ ಇನ್ನೊಂದನ್ನು ಹಾಕಿ ನೋಡಬಹುದು. ಮತ್ತೆ ಕಡಿದರೆ ಅಲ್ಲಿಗೆ ನಿಲ್ಲಿಸಬೇಕು. ಹೆಚ್ಚು ಆಂಪಿಯರ್‌ನದನ್ನು ತುರುಕುವ, ತಂತಿ ಸುತ್ತಿ ‘ಸದ್ಯಕ್ಕೆ ನಡೀತದೆ ಸಾರ್’ ಎನ್ನುವ ಮೆಕ್ಯಾನಿಕ್ ಉಪಕಾರ ಮಾಡುತ್ತಿಲ್ಲ. ಫ್ಯೂಸ್ ಕಡಿಯದಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ವೈರ್ ಕಾಯುತ್ತದೆ. ಫ್ಯೂಸ್ ಸರಿಯಿದ್ದರೆ ರಿಲೇ. ಪಕ್ಕದಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಎರಡನ್ನೂ ಅದಲು ಬದಲು ಮಾಡಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಆಮೇಲಿನ ಪರೀಕ್ಷೆ ನೋಡಲು ಒರಟು, ಆದರೆ ಒಳ್ಳೆಯದು. ನಾಬನ್ನು ನಾಲ್ಕಕ್ಕೆ ಇಟ್ಟು, ಗ್ಲೋವ್ ಬಾಕ್ಸಿನ ಅಡಿಗೆ ಕೈಹಾಕಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಎರಡು ಏಟು. ಫ್ಯಾನ್ ಗಕ್ಕನೆ ತಿರುಗತೊಡಗಿದರೆ ಹೆಚ್ಚಿನ ಸಲ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಈ ಎರಡು ಕರಿ ತುಂಡುಗಳು ಸವೆದು ಗಿಡ್ಡವಾದಾಗ ಒಮ್ಮೆ ತಾಗುತ್ತವೆ, ಒಮ್ಮೆ ಇಲ್ಲ. ಹಳ್ಳಕ್ಕೆ ಇಳಿದಾಗ ಫ್ಯಾನ್ ಶುರುವಾಗುತ್ತದೆ, ಸಿಗ್ನಲ್‌ನಲ್ಲಿ ನಿಲ್ಲುತ್ತದೆ ಎಂಬ ದೂರಿಗೂ ಸಾಮಾನ್ಯವಾಗಿ ಇದೇ ಕಾರಣ. ಏಟಿನಿಂದ ಎಚ್ಚೆತ್ತ ಮೋಟಾರನ್ನು ರಿಪೇರಿಯಾಯಿತೆಂದು ನಂಬಿ ಊರಿಗೆ ಹೊರಡುವಂತಿಲ್ಲ.

ಏಟಿಗೂ ಜಗ್ಗದಿದ್ದರೆ ಮೋಟಾರಿನವರೆಗೆ ಕರೆಂಟ್ ಬರುತ್ತಿದೆಯೇ ಎಂಬ ಪ್ರಶ್ನೆ. ಇಲ್ಲಿ ಮಲ್ಟಿಮೀಟರ್ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಮೋಟಾರಿಗೆ ವೈರ್ ಜೋಡಿಸುವ ಕಪ್ಲರ್ ಬಿಚ್ಚಿ ಮೀಟರ್ ಹಿಡಿದರೆ ಅದು ಚೆನ್ನಾಗಿ 12 ವೋಲ್ಟ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ತುಕ್ಕು ಹಿಡಿದ ಜೋಡಣೆಯೂ ಆಗ ಸರಿಯಿರುವಂತೆ ಕಾಣುತ್ತದೆ. ಅದಕ್ಕೇ ಹಳಬರು ಮೀಟರಿನ ಜೊತೆ ಒಂದು ಹಳೇ ಹೆಡ್‌ಲೈಟ್ ಬಲ್ಬ್ ಇಟ್ಟುಕೊಂಡಿರುತ್ತಾರೆ. 55 ವಾಟಿನ ಆ ಬಲ್ಬಿಗೆ ನಾಲ್ಕೂವರೆ ಆಂಪಿಯರ್ ಬೇಕು. ಕಪ್ಲರಿನ ಎರಡು ಪಿನ್‌ಗಳಿಗೆ ಅದನ್ನು ಜೋಡಿಸಿದಾಗ ಪ್ರಖರವಾಗಿ ಉರಿದರೆ ದಾರಿ ಬಹುಮಟ್ಟಿಗೆ ಸರಿಯಿದೆ, ಮೋಟಾರ್ ಕೆಟ್ಟಿದೆ. ಮಂಕಾಗಿ ಕೆಂಪಗೆ ಉರಿದರೆ ವೈರಿಂಗ್‌ನಲ್ಲೋ ಅರ್ತ್‌ನಲ್ಲೋ ದೋಷ. ಎರಡೂ ಪಿನ್‌ಗಳ ನಡುವೆಯೇ ನೋಡಬೇಕು, ಒಂದು ತುದಿಯನ್ನು ಕಾರಿನ ಲೋಹದ ಮೈಗೆ ಹಿಡಿದರೆ ಸಾಲದು. ಹಲವು ಕಾರುಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆಯಲ್ಲಿ. ಅಲ್ಲೇ ಆಸುಪಾಸಿನಲ್ಲಿ ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಅದಕ್ಕೆ ಬಲ್ಬನ್ನಾಗಲಿ ಮೀಟರನ್ನಾಗಲಿ ತಾಗಿಸಬಾರದು.

ಮೋಟಾರಿನದಾಗಲಿ ರೆಸಿಸ್ಟರಿನದಾಗಲಿ, ಕಪ್ಲರ್ ಬಿಚ್ಚಿದವರು ಅದರ ಬಾಯನ್ನೂ ನೋಡುವುದು ಒಳ್ಳೆಯದು. ಬಿಳಿ ಪ್ಲಾಸ್ಟಿಕ್ ಕಂದಾಗಿ, ಪಿನ್ನಿನ ಸುತ್ತ ಕರಗಿದ್ದರೆ ಸಮಸ್ಯೆ ಅಲ್ಲೇ ಇದೆ. ಲೆಕ್ಕ ಸರಳ: 20 ಆಂಪಿಯರ್ ಹರಿಯುವ ಕಡೆ ಸಡಿಲ ಪಿನ್ ಒಂದು ಓಮ್‌ನ ಹತ್ತನೇ ಒಂದು ಭಾಗ ತಡೆಯೊಡ್ಡಿದರೂ ಅಲ್ಲಿ 40 ವಾಟಿನಷ್ಟು ಬಿಸಿ ಹುಟ್ಟುತ್ತದೆ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಕರಗಿದ ಕಪ್ಲರಿಗೇ ಹೊಸ ರೆಸಿಸ್ಟರ್ ಸಿಕ್ಕಿಸಿ ಕಳಿಸುವುದು ಅರ್ಧ ಕೆಲಸ.

ಇಂಥ ಬಿಸಿಯಿಂದ ಬೆಂಕಿ ಹೊತ್ತಬಹುದು ಎಂಬುದು ಅತಿಯಾದ ಭಯವಲ್ಲ. ಬ್ರಿಟನ್ನಿನಲ್ಲಿ ವಾಕ್ಸಾಲ್ ಕಂಪನಿಯ ಝಫೀರಾ ಬಿ ಕಾರುಗಳು ಡ್ಯಾಶ್‌ಬೋರ್ಡಿನ ಕಡೆಯಿಂದ ಹೊತ್ತಿಕೊಂಡ ಪ್ರಕರಣಗಳು ಒಂದರ ಮೇಲೊಂದು ಬಂದಾಗ, 2015ರಲ್ಲಿ ಕಂಪನಿ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಬ್ಲೋವರ್ ರೆಸಿಸ್ಟರಿನ ಥರ್ಮಲ್ ಫ್ಯೂಸನ್ನು ಯಾರೋ ತಪ್ಪಾಗಿ ರಿಪೇರಿ ಮಾಡಿದ್ದೇ ಕಾರಣ ಎಂಬುದು ಕಂಪನಿಯ ಮೊದಲ ವಾದ. ಆದರೆ ಬೆಂಕಿ ಅಷ್ಟಕ್ಕೇ ನಿಲ್ಲಲಿಲ್ಲ. 2016ರಲ್ಲಿ ಎರಡನೇ ಬಾರಿ ಕರೆಸಿ ಮೋಟಾರನ್ನೇ ಬದಲಿಸಲು ಹೊರಟರು: ನೀರು ಇಳಿದು ಮೋಟಾರ್ ತುಕ್ಕು ಹಿಡಿದರೆ ನಿಧಾನವಾಗುತ್ತದೆ, ಹೆಚ್ಚು ಕರೆಂಟ್ ಎಳೆಯುತ್ತದೆ, ರೆಸಿಸ್ಟರ್ ಕಾಯುತ್ತದೆ. ಸಂಸತ್ತಿನ ಸಾರಿಗೆ ಸಮಿತಿ ಕಂಪನಿಯವರನ್ನು ಕರೆಸಿ ಪ್ರಶ್ನಿಸಿತು, 2017ರ ವರದಿಯಲ್ಲಿ ಅವರ ನಿಧಾನವನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ ನವೆಂಬರಿನಲ್ಲಿ ಬಿಎಂಡಬ್ಲ್ಯು ಅಮೆರಿಕದಲ್ಲಿ ತನ್ನ 3 ಸೀರೀಸಿನ ಸುಮಾರು 6 ಲಕ್ಷ 70 ಸಾವಿರ ಕಾರುಗಳನ್ನು ಕರೆಸಿತು. ಅಲ್ಲೂ ಹೀಟರ್, ಎಸಿ ವ್ಯವಸ್ಥೆಯ ವೈರಿಂಗ್ ಜೋಡಣೆ ಅತಿಯಾಗಿ ಕಾಯುವುದೇ ದೋಷ.

ಮೋಟಾರಿಗೆ ಇಳಿಯುವ ನೀರು ಎಲ್ಲಿಂದ ಬರುತ್ತದೆ? ವೈಪರ್ ಕಡ್ಡಿಗಳ ಬುಡದಲ್ಲಿ ಒಂದು ಪ್ಲಾಸ್ಟಿಕ್ ಜಾಲರಿಯಿದೆ. ಫ್ಯಾನಿಗೆ ಹೊರಗಿನ ಗಾಳಿ ಬರುವುದು ಅದರ ಮೂಲಕ. ಮಳೆನೀರು ಪಕ್ಕದ ತೂತಿನಿಂದ ಹರಿದು ಹೋಗುವಂತೆ ಕಟ್ಟಿರುತ್ತಾರೆ. ಹೊಂಗೆ, ಗುಲ್‌ಮೊಹರ್ ಮರದಡಿ ನಿಲ್ಲಿಸಿದ ಕಾರಿನಲ್ಲಿ ಆ ತೂತು ಎಲೆಯಿಂದ ಮುಚ್ಚುತ್ತದೆ, ನೀರು ನಿಂತು ಕಡೆಗೆ ಬ್ಲೋವರ್ ಕಡೆಗೇ ಇಳಿಯಬಹುದು. ಇಲಿಗೂ ಅದೇ ಹೆದ್ದಾರಿ. ತಿಂಗಳು ನಿಲ್ಲಿಸಿದ ಕಾರಿನಲ್ಲಿ ಅದು ಫಿಲ್ಟರ್ ಹರಿದು ಫ್ಯಾನಿನ ಬುಟ್ಟಿಯಲ್ಲೇ ಗೂಡು ಕಟ್ಟುವುದುಂಟು. ಬುಟ್ಟಿ ಸಿಕ್ಕಿಕೊಂಡ ಮೋಟಾರಿಗೆ ಕರೆಂಟ್ ಕೊಟ್ಟರೆ ಫ್ಯೂಸ್ ಕಡಿಯುತ್ತದೆ, ಇಲ್ಲವೇ ರೆಸಿಸ್ಟರ್ ಸುಡುತ್ತದೆ.

ಫ್ಯಾನಿನ ಸದ್ದು ಜೋರಾಗಿದ್ದು ಗಾಳಿ ಮಾತ್ರ ಬರದಿದ್ದರೆ ಅದು ಬೇರೆ ರೋಗ. ಮೊದಲ ಅನುಮಾನ ಎಸಿ ಫಿಲ್ಟರಿನ ಮೇಲೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಎಸಿ ಹಾಕಿ ಓಡಿಸಿದ ಮೇಲೆ ಗಾಳಿ ಕ್ರಮೇಣ ಕುಗ್ಗಿ, ಎಸಿ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ, ಫ್ಯಾನಿನದು ತಪ್ಪಿಲ್ಲ. ತಾಪಮಾನವನ್ನು ತಾನೇ ನೋಡಿಕೊಳ್ಳುವ ದುಬಾರಿ ಕಾರುಗಳಲ್ಲಿ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ನಾಲ್ಕನೇ ವೇಗದ ಸುಳಿವು ಸಿಗದು, ಸ್ಕ್ಯಾನರ್ ಇರುವವರ ಬಳಿಗೇ ಹೋಗಬೇಕು.

ಗ್ಯಾರೇಜಿಗೆ ಹೋದಾಗ ‘ಎಸಿ ಬರ್ತಿಲ್ಲ’ ಎನ್ನುವುದಷ್ಟೇ ಸಾಲದು. ಹಾಗೆಂದರೆ ಗ್ಯಾಸ್ ತುಂಬಿಸುವ ಮಾತು ಮೊದಲು ಬರುತ್ತದೆ. ಯಾವ ವೇಗ ಹೋಗಿದೆ, ಒಮ್ಮೆಲೇ ನಿಂತಿತೇ ಅಥವಾ ಕಿರುಗುಟ್ಟಿ ನಿಂತಿತೇ, ಸುಟ್ಟ ವಾಸನೆ ಬಂತೇ ಎಂಬುದನ್ನು ಹೇಳಿ. ವಾಸನೆ ಬಂದಿದ್ದರೆ ನಾಬನ್ನು ಸೊನ್ನೆಗೆ ಇಟ್ಟು, ರಿಪೇರಿಯಾಗುವ ತನಕ ಮುಟ್ಟಬೇಡಿ. ಮೋಟಾರ್ ಬದಲಿಸಬೇಕೆಂದರೆ, ಹಳೆಯದನ್ನು ಹೊರಗೆ ತೆಗೆದು ಬ್ಯಾಟರಿಗೆ ನೇರ ಕೊಟ್ಟು ನಿಮ್ಮೆದುರೇ ತೋರಿಸಲು ಕೇಳಿ. ಹೆಚ್ಚಿನ ಕಾರುಗಳಲ್ಲಿ ಅದನ್ನು ಹಿಡಿದಿರುವುದು ಮೂರೇ ಸ್ಕ್ರೂ.