ಬಿಸಿಯಾಗದ ಆಂಪ್ಲಿಫೈಯರ್ ಮತ್ತು ಕೇಳುಗನ ಹೊಣೆ

ಸಂಗೀತಪ್ರಿಯರ ಮನೆಗಳಲ್ಲಿ ಆಂಪ್ಲಿಫೈಯರ್ ಎಂಬ ಪೆಟ್ಟಿಗೆಗೆ ಬಹುಕಾಲದಿಂದ ಒಂದು ಗೌರವದ ಸ್ಥಾನವಿದೆ. ಅದು ಭಾರವಾಗಿರಬೇಕು, ಮುಟ್ಟಿದರೆ ಕೈಗೆ ಬಿಸಿ ತಾಗಬೇಕು, ಎತ್ತಿಡಲು ಇಬ್ಬರು ಬೇಕಾದರೆ ಇನ್ನೂ ಉತ್ತಮ ಎಂಬುದು ಈ ವಲಯದ ಅಲಿಖಿತ ನಂಬಿಕೆ. ಆ ನಂಬಿಕೆಯ ಬುಡ ಈಗ ಅಲುಗಾಡುತ್ತಿದೆ. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ ತಯಾರಾದ ಟ್ರಾನ್ಸಿಸ್ಟರುಗಳನ್ನು ಬಳಸುವ, ಒಂದು ದಪ್ಪ ನಿಘಂಟಿನ ಗಾತ್ರದ ಆಂಪ್ಲಿಫೈಯರುಗಳು ಮಾರುಕಟ್ಟೆಗೆ ಬಂದಿವೆ. ಗಂಟೆಗಟ್ಟಲೆ ನುಡಿಸಿದರೂ ಅವು ಉಗುರುಬೆಚ್ಚಗಾಗುವುದೇ ಹೆಚ್ಚು. ಕೆಲವು ತಿಂಗಳಿಂದ ಅಂಥದೊಂದನ್ನು ಮನೆಯ ಹಳೆಯ ಆಂಪ್ಲಿಫೈಯರಿನ ಪಕ್ಕದಲ್ಲಿಟ್ಟು ಹೋಲಿಸಿ ಕೇಳುತ್ತಿದ್ದೇನೆ. ಈ ಹೋಲಿಕೆ ಎತ್ತುವ ಪ್ರಶ್ನೆಗಳು ಒಂದು ಯಂತ್ರದ ಗುಣಾವಗುಣಗಳಿಗಿಂತ ದೊಡ್ಡವು ಎನಿಸುತ್ತದೆ.

ಆಂಪ್ಲಿಫೈಯರಿನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಸಿ.ಡಿ. ಪ್ಲೇಯರಿನಿಂದಲೋ ಕಂಪ್ಯೂಟರಿನಿಂದಲೋ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ಸ್ಪೀಕರಿನ ಪರದೆ ಕಂಪಿಸುವಷ್ಟು ಬಲಗೊಳಿಸಬೇಕು. ಆದರೆ ತನ್ನದೆಂಬ ಯಾವುದನ್ನೂ ಅದಕ್ಕೆ ಸೇರಿಸಬಾರದು. ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಮೂರು ಧ್ರುವಗಳ ವಾಲ್ವ್ ಈ ಕೆಲಸಕ್ಕೆ ದಾರಿ ತೆರೆಯಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಮುಂದಿನ ಎರಡು ದಶಕಗಳಲ್ಲಿ ಗಾಜಿನ ವಾಲ್ವುಗಳ ಜಾಗವನ್ನು ಮೊದಲು ಜರ್ಮೇನಿಯಂ, ನಂತರ ಸಿಲಿಕಾನ್ ಟ್ರಾನ್ಸಿಸ್ಟರುಗಳು ಆಕ್ರಮಿಸಿಕೊಂಡವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದ ಆರಂಭದಲ್ಲೇ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತ್ತು. ಒಂದೇ ಊರಿನ ಒಂದೇ ಕಾರ್ಖಾನೆಯಲ್ಲಿ ಎರಡು ಯುಗಗಳು ಅಕ್ಕಪಕ್ಕದಲ್ಲಿದ್ದ ಕಾಲವದು.

ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದರೂ ಒಂದು ಸಂಗತಿ ಬದಲಾಗಲಿಲ್ಲ. ಆಂಪ್ಲಿಫೈಯರುಗಳು ತಾವು ಸೆಳೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಕಳೆಯುತ್ತಿದ್ದವು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಗಳ ಫ್ಯಾನ್ ರೆಗ್ಯುಲೇಟರನ್ನು ನೆನೆದರೆ ಸಾಕು. ಹಿಂದೆ ಗೋಡೆಗೆ ಅಂಟಿಕೊಂಡಿರುತ್ತಿದ್ದ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್, ಫ್ಯಾನಿನ ವೇಗ ತಗ್ಗಿಸಲು ವಿದ್ಯುತ್ತಿಗೆ ಅಡ್ಡ ನಿಂತು, ಉಳಿದದ್ದನ್ನು ಶಾಖವಾಗಿ ಸುಡುತ್ತಿತ್ತು. ಇಂದಿನ ಪುಟ್ಟ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ವಿದ್ಯುತ್ತನ್ನು ಹಾಗೆ ಸುಡದೆಯೇ ವೇಗವನ್ನು ತಗ್ಗಿಸುತ್ತದೆ, ಬಿಸಿಯಾಗುವುದಿಲ್ಲ. ಹಳೆಯ ಬಗೆಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್ ಸದಾ ಅರೆತೆರೆದ ನಲ್ಲಿಯಂತೆ ಕೆಲಸ ಮಾಡುತ್ತದೆ. ಅತ್ಯಂತ ಶುದ್ಧವೆಂದು ಹೆಸರಾದ ‘ಎ’ ವರ್ಗದ ಆಂಪ್ಲಿಫೈಯರಿನ ದಕ್ಷತೆ ಸಿದ್ಧಾಂತದಲ್ಲೇ 50 ಪ್ರತಿಶತ ದಾಟದು. ‘ಬಿ’ ವರ್ಗದ್ದು ಹೆಚ್ಚೆಂದರೆ 78.5 ಪ್ರತಿಶತ. ಇವೆರಡೂ ಪೂರ್ಣ ಶಕ್ತಿಯಲ್ಲಿ ನುಡಿಸಿದಾಗಿನ ಮಾತು. ಮೆಲುದನಿಯಲ್ಲಿ ಕೇಳುವಾಗ ದಕ್ಷತೆ ಇನ್ನೂ ಕುಸಿಯುತ್ತದೆ.

‘ಡಿ’ ವರ್ಗದ ಆಂಪ್ಲಿಫೈಯರ್ ಈ ಅರೆತೆರೆದ ನಲ್ಲಿಯನ್ನೇ ಕಿತ್ತೊಗೆಯುತ್ತದೆ. ಅಲ್ಲಿ ಟ್ರಾನ್ಸಿಸ್ಟರ್ ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಸೆಕೆಂಡಿಗೆ ಲಕ್ಷಾಂತರ ಸಲ ಹೀಗೆ ತೆರೆದು ಮುಚ್ಚುತ್ತ, ಎಷ್ಟು ಹೊತ್ತು ತೆರೆದಿದೆ ಎಂಬುದರಲ್ಲಿಯೇ ಸಂಗೀತದ ಏರಿಳಿತವನ್ನು ಅಡಗಿಸುತ್ತದೆ. ಕೊನೆಯಲ್ಲಿ ಒಂದು ತಂತಿಸುರುಳಿ ಮತ್ತು ಒಂದು ಕೆಪಾಸಿಟರ್ ಆ ಕಡಿತಗಳನ್ನು ಸವರಿ ನಯಗೊಳಿಸುತ್ತವೆ. ಹೀಗೆ ದಕ್ಷತೆ 90 ಪ್ರತಿಶತವನ್ನು ಮೀರಬಲ್ಲದು. ಇದು ಹೊಸ ಕಲ್ಪನೆಯೇನೂ ಅಲ್ಲ. ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ 1960ರ ದಶಕದ ಮಧ್ಯಭಾಗದಲ್ಲೇ ಇಂಥ ‘ಎಕ್ಸ್-10’ ಎಂಬ ಆಂಪ್ಲಿಫೈಯರ್ ಕಿಟ್ ಮಾರಿದ್ದರು. ಆದರೆ ಅಂದಿನ ಟ್ರಾನ್ಸಿಸ್ಟರುಗಳಿಗೆ ಆ ವೇಗ ಒಗ್ಗಲಿಲ್ಲ. ಹೇಳಿದ ಶಕ್ತಿಯೂ ಅದರಿಂದ ಹೊಮ್ಮಲಿಲ್ಲ.

ಕಲ್ಪನೆ ಕೈಗೂಡಲು ನಾಲ್ಕು ದಶಕಗಳೇ ಹಿಡಿದವು. ಅಮೆರಿಕದ ಟ್ರೈಪಾಥ್ ಕಂಪನಿಯ ಅಗ್ಗದ ಚಿಪ್‌ಗಳು 2000ದ ದಶಕದಲ್ಲಿ ಹವ್ಯಾಸಿಗಳನ್ನು ಬೆರಗುಗೊಳಿಸಿದವು. ಕಂಪನಿ 2007ರಲ್ಲಿ ದಿವಾಳಿಯಾದರೂ ಅದರ ಒಂದು ಚಿಪ್, ಜಗತ್ತನ್ನು ಅಲುಗಾಡಿಸಿದ 25 ಮೈಕ್ರೊಚಿಪ್‌ಗಳ ಪಟ್ಟಿಯಲ್ಲಿ 2009ರಲ್ಲಿ ಸ್ಥಾನ ಪಡೆಯಿತು. ಅದೇ ದಶಕದ ಆರಂಭದಲ್ಲಿ ಫಿಲಿಪ್ಸ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಇಂಜಿನಿಯರ್ ಬ್ರೂನೊ ಪುಟ್ಜೀಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೊನೆಯ ತಂತಿಸುರುಳಿಯಿಂದಾಗಿ ಒಂದೊಂದು ಸ್ಪೀಕರಿನೊಡನೆ ಒಂದೊಂದು ರೀತಿ ಕೇಳಿಸುವುದು ಆವರೆಗಿನ ದೋಷವಾಗಿತ್ತು. ಸುರುಳಿಯನ್ನು ದಾಟಿ ಬಂದ ಸಂಕೇತವನ್ನೇ ಮೂಲದೊಂದಿಗೆ ಹೋಲಿಸಿ ತಿದ್ದುವ ಫೀಡ್‌ಬ್ಯಾಕ್ ವಿಧಾನದಿಂದ ಅವರು ಅದನ್ನು ನೀಗಿಸಿದರು.

ಉಳಿದಿದ್ದದ್ದು ಸಿಲಿಕಾನಿನ ಒಂದು ಮಿತಿ. ಈ ಆಂಪ್ಲಿಫೈಯರಿನಲ್ಲಿ ಮೇಲೊಂದು ಕೆಳಗೊಂದು ಎಂದು ಜೋಡಿ ಟ್ರಾನ್ಸಿಸ್ಟರುಗಳಿರುತ್ತವೆ. ಎರಡೂ ಏಕಕಾಲಕ್ಕೆ ತೆರೆದರೆ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟುಹೋಗುತ್ತವೆ. ಏಕಮಾರ್ಗದ ರೈಲುಹಳಿಯಲ್ಲಿ ಒಂದು ಗಾಡಿ ನಿಲ್ದಾಣ ಸೇರಿದ ಮೇಲಷ್ಟೇ ಇನ್ನೊಂದನ್ನು ಬಿಡುವಂತೆ, ಒಂದು ಪೂರ್ತಿ ಮುಚ್ಚಿದ ನಂತರವೇ ಇನ್ನೊಂದು ತೆರೆಯಬೇಕು. ನಡುವಿನ ಆ ಅತ್ಯಲ್ಪ ಬಿಡುವೇ ನಾದದಲ್ಲಿ ವಿರೂಪವಾಗಿ ತೋರುತ್ತದೆ. ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಸಿಲಿಕಾನಿಗಿಂತ ಬಹಳ ಚುರುಕಾಗಿ ತೆರೆದು ಮುಚ್ಚುವುದರಿಂದ ಆ ಬಿಡುವನ್ನು ಕುಗ್ಗಿಸಬಹುದು. 2014ರ ಭೌತವಿಜ್ಞಾನದ ನೊಬೆಲ್ ತಂದ ನೀಲಿ ಎಲ್‌ಇಡಿಯ ಮೂಲದ್ರವ್ಯವೂ ಇದೇ. ಇಂದು ಲ್ಯಾಪ್‌ಟಾಪುಗಳ ಪುಟ್ಟ ಚಾರ್ಜರುಗಳಲ್ಲಿರುವುದೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಸ್ತುವಿನ ಕುರಿತ ಸಂಶೋಧನೆ ವರ್ಷಗಳಿಂದ ನಡೆದುಬಂದಿದೆ.

ಸಿದ್ಧಾಂತ ಹೀಗಾದರೆ ಕಿವಿ ಏನು ಹೇಳುತ್ತದೆ? ಇಲ್ಲಿ ಎಚ್ಚರ ಬೇಕು. ಎರಡು ಆಂಪ್ಲಿಫೈಯರುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆ ಎಂದು ಮನಸ್ಸು ತೀರ್ಪು ಕೊಡುತ್ತದೆ. ಆದ್ದರಿಂದ ಸ್ಥಿರವಾದ ಒಂದು ನಾದವನ್ನು ನುಡಿಸಿ, ಸ್ಪೀಕರಿನ ತಂತಿಗಳಲ್ಲಿ ವೋಲ್ಟೇಜನ್ನು ಮೀಟರಿನಿಂದ ಅಳೆದು ಎರಡನ್ನೂ ಸಮಗೊಳಿಸಿದೆ. ಯಾವುದು ನುಡಿಯುತ್ತಿದೆ ಎಂಬುದನ್ನು ತಿಳಿಸದೆ ಬದಲಾಯಿಸುವ ಕೆಲಸವನ್ನು ಮನೆಯವರು ವಹಿಸಿಕೊಂಡರು. ಮಲ್ಲಿಕಾರ್ಜುನ ಮನ್ಸೂರರ ಗಾಯನ, ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಕೊನೆಗೆ ಒಂಟಿ ತಂಬೂರಿಯ ಶ್ರುತಿ, ಇಷ್ಟು ಪರೀಕ್ಷೆಯ ಸಾಮಗ್ರಿ. ತಂಬೂರಿಯನ್ನು ಆಯ್ದುಕೊಳ್ಳಲು ಕಾರಣವಿದೆ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ಒಂದೆಳೆ ದಾರ ಎಬ್ಬಿಸುವ ಆ ಝೇಂಕಾರದಲ್ಲಿ ಉಪನಾದಗಳು ಒಂದರ ಮೇಲೊಂದು ಮೂಡಿ ಮರೆಯಾಗುತ್ತವೆ. ವಿರೂಪವಿದ್ದರೆ ಅದು ಬಯಲಾಗಬೇಕಾದದ್ದು ಅಲ್ಲಿಯೇ.

ಫಲಿತಾಂಶ ಹೀಗಿತ್ತು: ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವಲ್ಲಿ ಮನೆಯ ಯಾರ ಉತ್ತರವೂ ನಾಣ್ಯ ಚಿಮ್ಮಿಸಿ ಹೇಳಿದ್ದಕ್ಕಿಂತ ಮೇಲಿರಲಿಲ್ಲ. ಸಂಗೀತ ನಿಂತಾಗ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಸ್ಪೀಕರಿಗೆ ಕಿವಿಯಿಟ್ಟರೆ ಹಳೆಯದರಲ್ಲಿ ತೆಳುವಾದ ಗುಂಯ್‌ಗುಡುವಿಕೆ ಇತ್ತು; ಹೊಸದರಲ್ಲಿ ಮೌನವಿತ್ತು. ಇನ್ನೊಂದು ಲಾಭ ಬೇಸಿಗೆಯಲ್ಲಿ ಗೊತ್ತಾಯಿತು. ವಿದ್ಯುತ್ ಕೈಕೊಟ್ಟ ಸಂಜೆಗಳಲ್ಲಿ ಇನ್ವರ್ಟರಿನ ಮೇಲೂ ಹೊಸದು ನಿಶ್ಚಿಂತೆಯಿಂದ ನುಡಿಯಿತು. ಹಳೆಯದು ಸುಮ್ಮನೆ ಕುಳಿತಾಗಲೂ ಹತ್ತಾರು ವ್ಯಾಟ್ ನುಂಗುತ್ತಿತ್ತು.

ಇದು ಒಂದು ಮನೆಯ ವಿಚಿತ್ರವೇನಲ್ಲ. ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ 1987ರಲ್ಲಿ ಅಗ್ಗದ ಹಾಗೂ ಅತಿ ದುಬಾರಿಯಾದ ಆಂಪ್ಲಿಫೈಯರುಗಳನ್ನು ಹೀಗೆಯೇ ಗುಟ್ಟಾಗಿ ಬದಲಿಸಿ ಕೇಳಿಸಿದಾಗಲೂ ಕೇಳುಗರು ಅವುಗಳನ್ನು ನಂಬಲರ್ಹವಾಗಿ ಗುರುತಿಸಲಾರದೆ ಹೋದರು. ಹಾಗೆಂದು ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂದಲ್ಲ. ಕೆಲವು ವಾಲ್ವ್ ಆಂಪ್ಲಿಫೈಯರುಗಳು ನಾದಕ್ಕೆ ಹಿತವಾದ ಉಪನಾದಗಳನ್ನು ಸೇರಿಸುತ್ತವೆ. ಅದನ್ನು ಮೆಚ್ಚುವವರ ಅಭಿರುಚಿ ಪ್ರಶ್ನಾತೀತ. ಆದರೆ ಅದು ಸೇರ್ಪಡೆ ಎಂಬುದನ್ನು ಒಪ್ಪಬೇಕು. ಬಡಿಸುವವರು ಅಡುಗೆಗೆ ತಮ್ಮ ಕೈಯಿಂದ ಒಗ್ಗರಣೆ ಹಾಕಿದರೆ ರುಚಿ ಹೆಚ್ಚಬಹುದು. ಅದು ಅಡುಗೆಯವರು ಮಾಡಿದ್ದೇ ಎನ್ನಲಾಗದು.

ಆಂಪ್ಲಿಫೈಯರ್ ತನ್ನ ಗುರುತನ್ನು ಅಳಿಸಿಕೊಂಡು ಹಿನ್ನೆಲೆಗೆ ಸರಿದಿದ್ದರೆ, ಇನ್ನು ಹಣ ಮತ್ತು ಗಮನ ಎಲ್ಲಿಗೆ ಹೋಗಬೇಕು? ಉತ್ತರ ನಮ್ಮ ಕೋಣೆಗಳಲ್ಲೇ ಇದೆ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಸದ್ದು ಹೊಮ್ಮುತ್ತದೆ. ಮೃದಂಗದ ಪೆಟ್ಟಿಗೆ ಅದರ ಹತ್ತಾರು ಪಟ್ಟು ಬೇಕಾಗಬಹುದು. ನೂರಾರು ವ್ಯಾಟುಗಳ ಹೆಗ್ಗಳಿಕೆ ಮಾತ್ರ ಮನೆಗೆ ಅನಗತ್ಯ. ಒಳ್ಳೆಯ ಎರಡು ಆಂಪ್ಲಿಫೈಯರುಗಳ ನಡುವಿನ ಅಂತರ ಡೆಸಿಬೆಲಿನ ಒಂದು ಸಣ್ಣ ಅಂಶವಾದರೆ, ಕೋಣೆಯ ಗೋಡೆಗಳು ಮಂದ್ರನಾದಗಳಲ್ಲಿ ಹತ್ತು ಡೆಸಿಬೆಲಿನಷ್ಟು ಏರುಪೇರು ಮಾಡಬಲ್ಲವು. ಗ್ರಾನೈಟ್ ನೆಲ, ಬೋಳು ಗೋಡೆ, ಕಾಂಕ್ರೀಟ್ ಸೂರುಗಳ ನಮ್ಮ ಮನೆಗಳು ನಾದವನ್ನು ಪುಟಿಸುತ್ತಲೇ ಇರುತ್ತವೆ. ನೆಲಕ್ಕೊಂದು ಜಮಖಾನೆ, ಗೋಡೆಗೊಂದು ಪುಸ್ತಕದ ಕಪಾಟು, ಮೂಲೆಯಿಂದ ಎರಡು ಅಡಿ ಈಚೆಗೆ ಎಳೆದ ಸ್ಪೀಕರ್, ಇಷ್ಟು ಮಾಡಿದರೆ ಆಗುವ ಸುಧಾರಣೆ ಆಂಪ್ಲಿಫೈಯರ್ ಬದಲಿಸಿದ್ದರಿಂದ ಆಗದು. ಲಕ್ಷಗಟ್ಟಲೆ ಸುರಿಯಲಾರದ ಸಂಗೀತಪ್ರಿಯರಿಗೆ ಇದು ನಿಜವಾದ ಶುಭವಾರ್ತೆ.

ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಹಳೆಯ ಆಂಪ್ಲಿಫೈಯರುಗಳು ಕೆಟ್ಟರೆ ಬೀದಿ ಕೊನೆಯ ರೇಡಿಯೊ ರಿಪೇರಿ ಅಂಗಡಿಯವರು ಬೆಸುಗೆ ಕಡ್ಡಿ ಹಿಡಿದು ಅವನ್ನು ಬದುಕಿಸುತ್ತಿದ್ದರು. ‘2ಎನ್ 3055’ ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರ್ ಅಂಥ ಅಂಗಡಿಗಳಲ್ಲಿ ಅಪರಿಚಿತವಾಗಿರಲಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದರೆ ಬಿಡಿಭಾಗ ಸಿಗುತ್ತಿತ್ತು. ಎಷ್ಟೋ ಉಪಕರಣಗಳ ಕೈಪಿಡಿಯಲ್ಲೇ ಸರ್ಕ್ಯೂಟಿನ ನಕ್ಷೆ ಮುದ್ರಿತವಾಗಿರುತ್ತಿತ್ತು. ಹೊಸ ಪೆಟ್ಟಿಗೆಯೊಳಗೆ ನಕ್ಷೆಯೂ ಇಲ್ಲ, ಬಿಡಿಭಾಗವೂ ಇಲ್ಲ. ಸಾಸಿವೆಯ ಕಾಳಿನಂಥ, ಕಾಲುಗಳೇ ಇಲ್ಲದ ಟ್ರಾನ್ಸಿಸ್ಟರುಗಳನ್ನು ಸಾಮಾನ್ಯ ಬೆಸುಗೆ ಕಡ್ಡಿಯಿಂದ ಬಿಡಿಸಲಾಗದು. ಒಂದು ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಸಿಕ್ಕು ಕೆಟ್ಟರೆ ಇಡೀ ಫಲಕವನ್ನೇ ಎಸೆಯಬೇಕು. ವರ್ಷವಿಡೀ ಉಳಿಸಿದ ವಿದ್ಯುತ್ತಿನ ಪುಣ್ಯ ಒಂದೇ ದಿನ ಇ-ತ್ಯಾಜ್ಯದ ಗುಡ್ಡೆ ಸೇರುತ್ತದೆ. ಮೂವತ್ತು ವರ್ಷ ಬಾಳಿದ ಯಂತ್ರದ ಜಾಗಕ್ಕೆ ಐದಾರು ವರ್ಷ ಬಾಳುವ ಯಂತ್ರ ಬಂದರೆ ಅದನ್ನು ಪ್ರಗತಿ ಎನ್ನಬಹುದೇ?

ಇದು ವಿಜ್ಞಾನದ ಮಿತಿಯಲ್ಲ, ವ್ಯಾಪಾರದ ಆಯ್ಕೆ. ಆಂಪ್ಲಿಫೈಯರಿನ ಫಲಕ, ವಿದ್ಯುತ್ ಪೂರೈಕೆಯ ಫಲಕ, ಒಳಹರಿವಿನ ಫಲಕ ಬೇರೆ ಬೇರೆಯಾಗಿರುವಂತೆ ಜೋಡಿಸಿದರೆ ಕೆಟ್ಟದ್ದನ್ನಷ್ಟೇ ಬದಲಿಸಬಹುದು. ಹಾಗೆ ರೂಪಿಸುವವರೂ ಇದ್ದಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿದಾಗ ಅದರ ವ್ಯಾಪ್ತಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳೂ ಇದ್ದವು. ಜಾಲತಾಣದಲ್ಲಿ ಹೆಸರು ನಮೂದಾದರೆ ಸಾಲದು; ಬಿಡಿ ಫಲಕಗಳ ಲಭ್ಯತೆ ಮತ್ತು ಸರ್ಕ್ಯೂಟಿನ ನಕ್ಷೆ ಕೊಳ್ಳುವವರ ಹಕ್ಕಾಗಿ ಕಾನೂನಿನಲ್ಲಿ ನೆಲೆಗೊಳ್ಳಬೇಕು.

ಅಲ್ಲಿಯವರೆಗೆ ಕೊಳ್ಳುವವರೇ ಕೇಳಬೇಕಾದ ಪ್ರಶ್ನೆಗಳಿವೆ. ಅಂಗಡಿಗೆ ಹೋದಾಗ ಎಷ್ಟು ವ್ಯಾಟ್ ಎಂದು ಕೇಳುವ ಬದಲು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಬದಲಿ ಫಲಕ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳೋಣ. ಮನೆಗೆ ತಂದ ಮೇಲೆ ಸದ್ದನ್ನು ಅಳೆದು, ಹೆಸರು ಮರೆಮಾಡಿ ಹೋಲಿಸೋಣ. ನಾದದ ವಿಷಯದಲ್ಲಿ ಹೊಸ ತಂತ್ರಜ್ಞಾನ ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಬಾಳಿಕೆಯ ಪರೀಕ್ಷೆ ಬಾಕಿ ಇದೆ. ಅದರ ಪ್ರಶ್ನೆಪತ್ರಿಕೆಯನ್ನು ಬರೆಯಬೇಕಾದವರು ನಾವು, ಕೇಳುಗರು.